ಆಂಗ್ಲ ಲೋಕೋಕ್ತಿಗಳೂ ಜೀವದಯೆಯೂ

ಕಳೆದ ತಿಂಗಳು ನನ್ನ ಮೊಮ್ಮಗಳು ಶಾಲೆಯಿಂದ ಒಂದು ಕಾಗದವನ್ನು ತಂದು ನನ್ನ ಮುಂದೆ ಹಿಡಿದಳು. ಅದರ ಎಡಗಡೆಯಲ್ಲಿ ಪ್ರಾಣಿಗಳ ಹೆಸರನ್ನೊಳಗೊಂಡ ಇಂಗ್ಲಿಷಿನ ಹಳೆಯ ನುಡಿಗಟ್ಟುಗಳು. ಬಲಗಡೆಯಲ್ಲಿ ಅವುಗಳಿಗೆ ಬದಲಾಗಿ ಆಡತಕ್ಕ ‘ದಯಾಪರ’ವಾದ ನುಡಿಗಟ್ಟುಗಳು. “ತಾತ, ಎಡಗಡೆಯವನ್ನು ಇನ್ನು ಬರೆಯಕೂಡದಂತೆ, ಅವು ಕ್ರೂರವಂತೆ” ಎಂದಳು. ಮಗುವಿಗೆ ಆಗ ಏನೊಂದೂ ಹೇಳಲಾರದೆ ಹೋದೆನು. ಹೇಳಬೇಕಾದುದನ್ನು ಈಗ ವಾಚಕರ ಮುಂದೆ ಇಡುತ್ತಿದ್ದೇನೆ.

ವಿಚಾರಿಸಲಾಗಿ ಈ ಪಟ್ಟಿಯ ಮೂಲ ತಿಳಿಯಿತು. 1980ರಲ್ಲಿ ಅಮೆರಿಕೆಯಲ್ಲಿ ಹುಟ್ಟಿದ ಪೀಟಾ ಎಂಬ ಪ್ರಾಣಿಪಕ್ಷಪಾತಿಗಳ ಸಂಸ್ಥೆಯು 2018ರ ಡಿಸೆಂಬರಿನಲ್ಲಿ ಇದನ್ನು ಪ್ರಕಟಿಸಿತು. ಒಂದೇ ಕಲ್ಲಿನಿಂದ ಎರಡು ಹಕ್ಕಿಗಳನ್ನು ಕೊಲ್ಲುವುದೆಂಬ ಮಾತು ನಮ್ಮವರ ಬಾಯಲ್ಲಿಯೂ ನೆಲೆಸಿಹೋಗಿದೆಯಷ್ಟೆ. ಅದಕ್ಕೆ ಬದಲಾಗಿ, ಒಂದೇ ಸ್ಕೋನಿನಿಂದ ಎರಡು ಹಕ್ಕಿಗಳಿಗೆ ಉಣಿಸುವುದು ಎಂದು ಹೇಳಬೇಕಂತೆ. ಸ್ಕೋನ್ ಎಂಬುದು ಆ ದೇಶದವರು ಚಹದೊಡನೆ ತಿನ್ನುವ ಒಂದು ಬಗೆಯ ತಿನಿಸು. ‘ಸ್ಟೋನ್’ ಎಂಬುದಕ್ಕೆ ಪ್ರಾಸ ಕೂಡಿತೆಂಬುದೊಂದೇ ಅದರ ಯೋಗ್ಯತೆ. ಗೂಳಿಯನ್ನು ಕೊಂಬು ಹಿಡಿದು ನಿಲ್ಲಿಸುವುದರ ಬದಲು ಹೂವನ್ನು ಮುಳ್ಳು ಹಿಡಿದು ಎತ್ತಬೇಕು. ಮುಳ್ಳಿರುವುದು ಕಡ್ಡಿಗೆ, ಹೂವಿಗಲ್ಲವೆಂಬುದು ತೋಟಕ್ಕೆ ಕಾಲಿಟ್ಟವರಿಗೆಲ್ಲ ಗೊತ್ತು. ಸತ್ತ ಕುದುರೆಯನ್ನು ಹೊಡೆಯುವುದಕ್ಕೆ ಬದಲಾಗಿ, ಉಂಡ ಕುದುರೆಗೆ ಮತ್ತೆ ಉಣಿಸಬೇಕು! ಇದನ್ನು ಓದಿ ನನಗೆ ನಗು ಬಂದಿತು. ಸತ್ತ ಕುದುರೆಗೆ ಏಟಿನ ನೋವಿಲ್ಲ. ಆ ಮಾತಿನ ತಿರುಳೂ ಅದೇ, ವ್ಯರ್ಥಪ್ರಯಾಸ. ಹೊಟ್ಟೆ ತುಂಬಿದ ಕುದುರೆಗೆ ಮೇಲೆ ಮೇಲೆ ಧಾನ್ಯವನ್ನು ತಿನ್ನಿಸಿದರೆ ಅದು ಹೊಟ್ಟೆಶೂಲೆಯಿಂದ ಹೊರಳಾಡಿ ಪ್ರಾಣ ಬಿಡುವುದುಂಟು. ಯಾವ ಲಾಯದವನನ್ನು ಕೇಳಿದರೂ ಹೇಳಿಯಾನು. ದಯೆಯ ಪಟ್ಟಿಯಲ್ಲಿ ಕುದುರೆಗೆ ದೊರೆತ ದಯೆ ಇದು.

ನಾನು ಹುಟ್ಟಿದಂದಿನಿಂದ ಮಾಂಸವನ್ನು ಮುಟ್ಟಿದವನಲ್ಲ. ಪ್ರಾಣಿಹಿಂಸೆ ಸಲ್ಲದೆಂಬ ವಿಷಯದಲ್ಲಿ ಆ ಸಂಸ್ಥೆಯವರೊಡನೆ ನನಗೆ ವಿವಾದವಿಲ್ಲ. ಆದುದರಿಂದ ಅವರ ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿಯೇ ಹೇಳುತ್ತೇನೆ. ಮಾತು ಮನಸ್ಸನ್ನು ತಿದ್ದುತ್ತದೆ. ಹಿಂದೆ ಜನಾಂಗಗಳನ್ನು ಹಳಿಯುವ ಶಬ್ದಗಳನ್ನು ಸಭ್ಯರು ಕೈಬಿಟ್ಟಂತೆ ಹಿಂಸೆಯನ್ನು ಹಗುರಮಾಡುವ ಮಾತುಗಳನ್ನೂ ಕೈಬಿಡಬೇಕು, ಎಂಬುದು ಅವರ ವಾದ. ಮೊದಲನೆಯ ಭಾಗ ಸತ್ಯ. ಎರಡನೆಯದರಲ್ಲಿ ದೃಷ್ಟಾಂತವು ಹೊಂದುವುದಿಲ್ಲ. ಹಳಿಯುವ ಶಬ್ದವನ್ನು ಹಳಿಸಿಕೊಂಡವನು ಕೇಳುತ್ತಾನೆ, ನೋಯುತ್ತಾನೆ, ಆ ನೋವು ಮಾತಿನಿಂದಲೇ ಆಗುತ್ತದೆ. ಹಕ್ಕಿಯು ಲೋಕೋಕ್ತಿಯನ್ನು ಕೇಳುವುದಿಲ್ಲ. ಅದಕ್ಕೆ ನೋವಾಗುವುದು ಕಲ್ಲಿನಿಂದ.

ಇದರ ಮೇಲೆ ಆಲಂಕಾರಿಕರು ಹೇಳುವ ರೂಢಿಲಕ್ಷಣೆಯೊಂದುಂಟು. ಹನ್ನೊಂದನೆಯ ಶತಮಾನದ ಮಮ್ಮಟನು ಕಾವ್ಯಪ್ರಕಾಶದಲ್ಲಿ ಕೊಡುವ ಉದಾಹರಣೆ ‘ಕುಶಲ’ ಎಂಬ ಶಬ್ದ. ಕುಶವೆಂಬ ದರ್ಭೆಯನ್ನು ಕೈ ಕೊಯ್ದುಕೊಳ್ಳದೆ ತರಬಲ್ಲವನು ಎಂಬುದು ಅದರ ಮೂಲಾರ್ಥ. ಕುಶಲಕರ್ಮಿ ಎಂದಾಗ ದರ್ಭೆಯು ಯಾರ ಮನಸ್ಸಿಗೂ ಬರುವುದಿಲ್ಲ. ಗವೇಷಣೆಯೆಂದರೆ ದನವನ್ನು ಹುಡುಕುವುದು. ಗೋಷ್ಠಿಯ ಮೂಲದಲ್ಲಿರುವುದು ದನದ ಕೊಟ್ಟಿಗೆ. ನಮ್ಮ ಸಂಘದ ಮಾಸಿಕ ಗೋಷ್ಠಿಗೆ ಬರುವ ಸಭಿಕರು ಇದರಿಂದ ಮುನಿಸಿಕೊಂಡುದನ್ನು ನಾನು ಕಾಣೆ. ಇಂಗ್ಲಿಷರಿಗೂ ಹೀಗೆಯೇ. ಎರಡು ಹಕ್ಕಿಗಳ ಮಾತನ್ನಾಡುವ ಗುಮಾಸ್ತನು ಕಾಣುವುದು ಒಂದೇ ಪ್ರಯಾಣದಲ್ಲಿ ಮುಗಿದ ಎರಡು ಕೆಲಸಗಳನ್ನು, ಸತ್ತ ಹಕ್ಕಿಗಳನ್ನಲ್ಲ.

ಹಾಗಾದರೆ ಒಳಗೆ ಅಡಗಿದ ಹಳೆಯ ಅರ್ಥಕ್ಕೆ ಬೆಲೆಯಿಲ್ಲವೆ? ಬಹಳ ಬೆಲೆಯುಂಟು. ನನ್ನ ಆಕ್ಷೇಪದ ಮುಖ್ಯಾಂಶವೇ ಅಲ್ಲಿದೆ.

ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಗೂಳಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿಗಳನ್ನು ಛೂಬಿಟ್ಟು ನೋಡುವುದು ಜನರ ವಿನೋದವಾಗಿತ್ತು. ಅದಕ್ಕೆಂದೇ ಸಾಕಿ ಬೆಳೆಸಿದ ನಾಯಿಯ ಜಾತಿಗೆ ಬುಲ್‌ಡಾಗ್ ಎಂಬ ಹೆಸರು ಇಂದಿಗೂ ಇದೆ. ಬಿಲದಲ್ಲಿ ವಾಸಿಸುವ ಬ್ಯಾಜರ್ ಎಂಬ ಪ್ರಾಣಿಯನ್ನೂ ಹೀಗೆಯೇ ನಾಯಿಗಳಿಂದ ಕಾಡಿಸುತ್ತಿದ್ದರು. ಬಿಡದೆ ಪೀಡಿಸುವುದಕ್ಕೆ ಆ ಪ್ರಾಣಿಯ ಹೆಸರೇ ಕ್ರಿಯಾಪದವಾಗಿದೆ. ನಮ್ಮ ತುಳುನಾಡಿನ ಕೋಳಿ ಅಂಕದಂತೆ ಅಲ್ಲಿಯೂ ಹುಂಜಗಳ ಕಾಳಗ ನಡೆಯುತ್ತಿತ್ತು. ಅದು ನಡೆಯುವ ಕುಳಿಯನ್ನು ಕಾಕ್‌ಪಿಟ್ ಎನ್ನುತ್ತಿದ್ದರು. ಆ ಹೆಸರು ಯುದ್ಧನೌಕೆಯ ಕೆಳ ಅಂತಸ್ತಿಗೆ ಹೋಯಿತು; ಅಲ್ಲಿಂದ ಮುಂದೆ, ಇಪ್ಪತ್ತನೆಯ ಶತಮಾನದಲ್ಲಿ, ವಿಮಾನಚಾಲಕನು ಕುಳಿತುಕೊಳ್ಳುವ ಸ್ಥಾನಕ್ಕೆ ಏರಿತು. ಇಬ್ಬರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದಕ್ಕೆ ಇಂಗ್ಲಿಷಿನಲ್ಲಿರುವ ಕ್ರಿಯಾಪದವೂ ಆ ಕುಳಿಯಿಂದಲೇ ಎದ್ದು ಬಂದುದು. ಆ ಜನರು ಏನು ಮಾಡುತ್ತಿದ್ದರೆಂಬುದಕ್ಕೆ ಈ ಶಬ್ದಗಳು ಸಾಕ್ಷಿಗಳು. ದಯೆಯ ಹೆಸರಿನಲ್ಲಿ ಇವನ್ನು ಅಳಿಸಿದರೆ ಅಳಿಯುವುದು ಸಾಕ್ಷ್ಯವೇ ಹೊರತು ಅಪರಾಧವಲ್ಲ. ಕೊಲೆಯಾದ ಮನೆಯಲ್ಲಿ ನೆಲವನ್ನು ತೊಳೆದು ರಂಗೋಲಿ ಇಟ್ಟವನನ್ನು ದಯಾಳುವೆನ್ನುತ್ತೇವೆಯೇ?

ನಿಜವಾದ ದಯಾಳುಗಳು ಅದೇ ದೇಶದಲ್ಲಿದ್ದರು, ಅವರು ಮಾಡಿದ ಕೆಲಸವೇ ಬೇರೆ. ಐರ್ಲೆಂಡಿನ ರಿಚರ್ಡ್ ಮಾರ್ಟಿನ್ ಎಂಬ ಶಾಸನಸಭಾಸದಸ್ಯನು 1822ರಲ್ಲಿ ದನ, ಕುದುರೆ, ಕುರಿಗಳನ್ನು ಹಿಂಸಿಸುವವರನ್ನು ದಂಡಿಸುವ ಕಾಯಿದೆಯನ್ನು ಪಾರ್ಲಿಮೆಂಟಿನಲ್ಲಿ ಮಾಡಿಸಿದನು. ಅದರಲ್ಲಿ ಗೂಳಿಯು ಸೇರುವುದಿಲ್ಲವೆಂದು ನ್ಯಾಯಾಲಯದವರು ಅರ್ಥಮಾಡಿದರು. 1835ರಲ್ಲಿ ಇನ್ನೊಂದು ಕಾಯಿದೆ ಬಂದು ಗೂಳಿಯ ಕಾಟವೂ ಹುಂಜಗಳ ಕಾಳಗವೂ ನಿಷಿದ್ಧವಾದವು. ಈ ನಡುವೆ, 1824ರಲ್ಲಿ, ಮಾರ್ಟಿನ್, ವಿಲ್ಬರ್‌ಫೋರ್ಸ್ ಮೊದಲಾದವರು ಲಂಡನ್ನಿನ ಒಂದು ಕಾಫಿಗೃಹದಲ್ಲಿ ಸೇರಿ ಪ್ರಾಣಿಹಿಂಸಾನಿವಾರಣ ಸಂಘವನ್ನು ಸ್ಥಾಪಿಸಿದರು. ಆ ಕಾಫಿಗೃಹಕ್ಕೆ ಅದನ್ನು ಮೊದಲು ನಡೆಸಿದವನ ಹೆಸರೇ ಇದ್ದಿತು: ಸ್ಲಾಟರ್. ಆ ಶಬ್ದಕ್ಕೆ ವಧೆಯೆಂದು ಅರ್ಥ! ಆ ಸಭೆಯವರು ಬಾಗಿಲ ಮೇಲಿನ ಹಲಗೆಯನ್ನು ಬದಲಾಯಿಸಲು ನಿಲ್ಲಲಿಲ್ಲ. ಒಳಗೆ ಹೋಗಿ ಕೆಲಸ ಮಾಡಿದರು.

ಇನ್ನೊಂದು ಶಬ್ದದ ಕಥೆಯನ್ನು ಹೇಳದೆ ಇರಲಾರೆ. ಪರರ ತಪ್ಪಿಗೆ ಗುರಿಯಾದವನನ್ನು ಇಂಗ್ಲಿಷಿನಲ್ಲಿ ಸ್ಕೇಪ್‌ಗೋಟ್ ಎನ್ನುತ್ತಾರೆ. 1530ರಲ್ಲಿ ಬೈಬಲಿನ ಮೊದಲ ಐದು ಕಾಂಡಗಳನ್ನು ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲನು ಸೃಷ್ಟಿಸಿದ ಶಬ್ದವದು. ಮೂಲದಲ್ಲಿ ಎರಡು ಹೋತಗಳಿವೆ. ಒಂದನ್ನು ಬಲಿಕೊಡುತ್ತಾರೆ, ಮತ್ತೊಂದರ ತಲೆಯ ಮೇಲೆ ಜನರ ಪಾಪಗಳನ್ನೆಲ್ಲ ಹೊರಿಸಿ ಅದನ್ನು ಜೀವಂತವಾಗಿ ಕಾಡಿಗೆ ಅಟ್ಟುತ್ತಾರೆ. ಸ್ಕೇಪ್‌ಗೋಟ್ ಎಂಬುದು ಈ ಎರಡನೆಯದು, ತಪ್ಪಿಸಿಕೊಂಡ ಹೋತ. ನಮ್ಮ ಪತ್ರಿಕೆಗಳು ಇದನ್ನು ‘ಬಲಿಪಶು’ವೆಂದು ಭಾಷಾಂತರಿಸಿ, ಬದುಕಿದ ಹೋತವನ್ನೂ ಕೊಂದುಹಾಕಿವೆ. ಶಬ್ದದ ಚರಿತ್ರೆಯನ್ನು ವಿಚಾರಿಸದೆ ಮೇಲುನೋಟದಿಂದಲೇ ಇದು ಕ್ರೂರ, ಇದು ಸೌಮ್ಯವೆಂದು ತೀರ್ಪುಕೊಡುವವರು ಈ ಹೋತವನ್ನು ಯಾವ ಸಾಲಿನಲ್ಲಿ ಕಟ್ಟುವರೋ ನನಗೆ ತಿಳಿಯದು.

ಈ ಸಂಶೋಧಕರ ಕೈ ನಾಳೆ ಕನ್ನಡಕ್ಕೂ ಬಂದರೆ? ನಮ್ಮಲ್ಲಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಗಾದೆಯಿದೆ. ದನಗಳ ರೋಗಕ್ಕೆ ಕಾದ ಕಬ್ಬಿಣದಿಂದ ಸುಡುವ ಚಿಕಿತ್ಸೆಯು ಹಳ್ಳಿಗಳಲ್ಲಿ ನಡೆಯುತ್ತಿದ್ದುದನ್ನು ನನ್ನ ಬಾಲ್ಯದಲ್ಲಿ ಕಂಡಿದ್ದೇನೆ. ಆ ವಾಸನೆ ಇಂದಿಗೂ ಮರೆತಿಲ್ಲ. ಗಾದೆಯು ಆ ಎಮ್ಮೆಯ ಪಕ್ಷವನ್ನು ಹಿಡಿದು ಒಡೆಯನ ಮೂರ್ಖತನವನ್ನು ನಗುತ್ತದೆ. ಅದನ್ನು ಕ್ರೂರವೆಂದು ತೆಗೆದುಹಾಕಿದರೆ ಎಮ್ಮೆಗೆ ಇದ್ದ ಒಬ್ಬ ವಕೀಲನನ್ನೂ ಓಡಿಸಿದಂತಾಯಿತು. ಇರಲಿ, ಕಸಾಯಿಖಾನೆಯೂ ಪ್ರಯೋಗಶಾಲೆಯೂ ಇದ್ದಲ್ಲೇ ಇರುವಾಗ ಮಕ್ಕಳ ವ್ಯಾಕರಣದ ಹಾಳೆಯನ್ನು ಸುಡಲು ಹೊರಟವರಿಗೆ ಈ ಗಾದೆಗಿಂತ ಒಪ್ಪುವ ವಿಶೇಷಣ ನನಗೆ ದೊರೆತಿಲ್ಲ.

ಮೊಮ್ಮಗಳ ಕಾಗದದ ಬಲಗಡೆಯಲ್ಲಿ ಸ್ವಲ್ಪ ಸ್ಥಳ ಉಳಿದಿತ್ತು. ಅಲ್ಲಿ ಮೂರನೆಯ ಸಾಲೊಂದನ್ನು ಎಳೆದು, ಗೂಳಿ, ಹುಂಜ, ಬ್ಯಾಜರುಗಳ ವೃತ್ತಾಂತವನ್ನು ಸಣ್ಣಕ್ಷರದಲ್ಲಿ ಬರೆದು, 1822 ಮತ್ತು 1835 ಎಂಬ ಎರಡು ಇಸವಿಗಳನ್ನು ಕೆಂಪು ಶಾಯಿಯಿಂದ ಗುರುತುಮಾಡಿ ಶಾಲೆಗೆ ಕಳುಹಿಸಿದ್ದೇನೆ. ಉಪಾಧ್ಯಾಯಿನಿಯವರಿಂದ ಇನ್ನೂ ಉತ್ತರ ಬಂದಿಲ್ಲ. ಹುಡುಗಿ ಮಾತ್ರ ನಿನ್ನೆ ಸಂಜೆ ಬಂದು, “ಆ ಎರಡನೆಯ ಹೋತ ಕಾಡಿನಲ್ಲಿ ಆಮೇಲೆ ಏನಾಯಿತು ತಾತ?” ಎಂದು ಕೇಳಿದಳು.