ಮೋಟಾರಿನ ತಂಪಿಗೆ ತೆರುವ ಬೆಲೆ

ಕಳೆದ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಯಾದಗಿರಿಯಿಂದ ಸುರಪುರಕ್ಕೆ ಹೋಗಬೇಕಾದ ಪ್ರಸಂಗ ಒದಗಿತು. ಎಪ್ಪತ್ತನ್ನು ದಾಟಿದ ನನ್ನ ತಂದೆಯವರೂ ಜೊತೆಯಲ್ಲಿದ್ದುದರಿಂದ ಬಾಡಿಗೆಯ ಕಾರೊಂದನ್ನು ಗೊತ್ತುಮಾಡಿದೆ. ಹೊರಡುವ ಮುನ್ನ ಚಾಲಕರು ತಮ್ಮ ಕರಾರನ್ನು ತಿಳಿಸಿದರು: "ಎ.ಸಿ. ಹಚ್ಚಿದ್ರ ಕಿಲೋಮೀಟರಿಗೆ ಎರಡು ರೂಪಾಯಿ ಜಾಸ್ತಿ ಆಗ್ತದ ನೋಡ್ರಿ, ಸರ್." ದಾರಿ ಸುಮಾರು 60 ಕಿಲೋಮೀಟರು, ಎಂದರೆ 120 ರೂಪಾಯಿ. ಈ ದಂಡವನ್ನೇಕೆ ತೆರಬೇಕೆಂದು ಬಗೆದು ನಾನು ಕಿಟಕಿಗಳನ್ನು ತೆರೆಯಿಸಿದೆ.

ಭೀಮಾ ನದಿಯನ್ನು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ, ಒಳಕ್ಕೆ ನುಗ್ಗುತ್ತಿದ್ದುದು ಗಾಳಿಯಲ್ಲ, ಒಲೆಯ ಝಳ ಎನ್ನಿಸತೊಡಗಿತು. ಬುದ್ಧನು ಮಲಗಿದಂತೆ ತೋರುವ ಶಹಾಪುರದ ಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ತಂದೆಯವರಿಗೆ ತಲೆ ಸುತ್ತಿ ಬಂದು ಮಾತು ತೊದಲಿತು. ಬೇವಿನ ಮರವೊಂದರ ನೆರಳಿನಲ್ಲಿ ಗಾಡಿಯನ್ನು ನಿಲ್ಲಿಸಿ, ಒದ್ದೆಯ ಬಟ್ಟೆಯಿಂದ ಮೈಯೊರಸಿ, ನೀರು ಕುಡಿಸಿದೆವು. ದೈವವಶಾತ್ ಬೇಗನೆ ಚೇತರಿಸಿಕೊಂಡರು. ಉಳಿದ ದಾರಿಯನ್ನು ತಂಪಾದ ಗಾಡಿಯಲ್ಲಿ ಕ್ರಮಿಸಿದೆವು. ಆ ರಾತ್ರಿ ಕಾಗದ ಪೆನ್ಸಿಲುಗಳನ್ನು ಹಿಡಿದು ಲೆಕ್ಕ ಮಾಡಿದಾಗ, ಭೌತಶಾಸ್ತ್ರವನ್ನು ಬೋಧಿಸುವ ನಾನೇ ಅದನ್ನು ಮೊದಲು ಮಾಡದೆ ಹೋದೆನಲ್ಲಾ ಎಂದು ನಾಚಿಕೆಯಾಯಿತು. ಆ ಲೆಕ್ಕವನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಹವಾನಿಯಂತ್ರಕವು ತಂಪನ್ನು ತಯಾರಿಸುವುದಿಲ್ಲ. ಅದು ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಶಾಖವು ತಾನಾಗಿ ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುವುದೇ ಹೊರತು ಅದರ ವಿರುದ್ಧವಾಗಿ ಹರಿಯದು. ನೀರನ್ನು ಬಾವಿಯಿಂದ ಮೇಲಕ್ಕೆ ಸೇದಬೇಕಾದರೆ ಹೇಗೆ ತೋಳುಬಲ ಬೇಕೋ, ಹಾಗೆ ಶಾಖವನ್ನು ತಣ್ಣನೆಯ ಕಡೆಯಿಂದ ಬಿಸಿಯ ಕಡೆಗೆ ಎತ್ತಿ ಹಾಕಲು ಕೆಲಸ ನಡೆಯಬೇಕು. ಬಾವಿ ಆಳವಾದಷ್ಟೂ ಶ್ರಮ ಹೆಚ್ಚು. ಒಳಗಿನ ಹೊರಗಿನ ಉಷ್ಣತೆಗಳ ಅಂತರ ಹೆಚ್ಚಿದಷ್ಟೂ ಯಂತ್ರದ ಶ್ರಮವೂ ಹೆಚ್ಚು.

ಈ ಸೇದುವ ಕೆಲಸವನ್ನು ಮಾಡುವುದು ಕಂಪ್ರೆಸರ್ ಎಂಬ ಸಂಪೀಡಕ. ಶೈತ್ಯಕಾರಿಯಾದ ಅನಿಲವನ್ನು ಅದು ಒತ್ತಿ ಬಿಸಿಮಾಡುತ್ತದೆ. ಗಾಡಿಯ ಮುಂಭಾಗದಲ್ಲಿ, ರೇಡಿಯೇಟರಿನ ಎದುರಿಗಿರುವ ಸುರುಳಿಯಲ್ಲಿ ಆ ಅನಿಲವು ತನ್ನ ಶಾಖವನ್ನು ಹೊರಗಾಳಿಗೆ ಕೊಟ್ಟು ದ್ರವವಾಗುತ್ತದೆ. ಬಳಿಕ ಕಿರಿದಾದ ರಂಧ್ರವೊಂದರ ಮೂಲಕ ಹಾಯ್ದು, ಒತ್ತಡ ಇಳಿದು, ಒಳಗಿನ ಸುರುಳಿಯಲ್ಲಿ ಆವಿಯಾಗುತ್ತಾ ಗಾಡಿಯೊಳಗಿನ ಗಾಳಿಯಿಂದ ಶಾಖವನ್ನು ಹೀರುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಆವಿಯಾಗುವಿಕೆಯಿಂದಲೇ. ಆದರೆ ಗಡಿಗೆಯಿಂದ ಹೋದ ಆವಿ ಮರಳಿ ಬಾರದು, ಇಲ್ಲಿ ಅದನ್ನು ಹಿಡಿದು ಮತ್ತೆ ದ್ರವವಾಗಿಸಬೇಕು. ಪೆಟ್ರೋಲು, ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಈ ಸಂಪೀಡಕವನ್ನು ಎಂಜಿನ್ನೇ ಒಂದು ಪಟ್ಟಿಯ ಮೂಲಕ ತಿರುಗಿಸುತ್ತದೆ. ಆದಕಾರಣ ತಂಪಿನ ಖರ್ಚೆಲ್ಲವೂ ಕಡೆಗೆ ಇಂಧನದ ತೊಟ್ಟಿಯಿಂದಲೇ ಬರಬೇಕು. ವಿದ್ಯುತ್ ಕಾರಿನಲ್ಲಾದರೆ ಅದು ಬ್ಯಾಟರಿಯಿಂದ ಬರುತ್ತದೆ. ಒಂದು ಭರ್ತಿಗೆ ಓಡುವ ದೂರ ಅಷ್ಟು ಕುಗ್ಗುತ್ತದೆ.

ಖರ್ಚು ಎಷ್ಟು? ಸಣ್ಣ ಕಾರೊಂದರ ಸಂಪೀಡಕವು ಸರಾಸರಿಯಲ್ಲಿ 1.5 ಕಿಲೋವಾಟ್ ಸಾಮರ್ಥ್ಯವನ್ನು ಬಯಸುವುದೆಂದು ಹಿಡಿಯೋಣ. ಎಂಜಿನ್ನು ಇಂಧನದ ಶಕ್ತಿಯಲ್ಲಿ ನೂರಕ್ಕೆ 30 ಪಾಲನ್ನು ಮಾತ್ರ ಕೆಲಸವಾಗಿ ಮಾರ್ಪಡಿಸುವುದೆಂದರೆ, ಇದಕ್ಕಾಗಿ 5 ಕಿಲೋವಾಟಿನಷ್ಟು ಇಂಧನ ಉರಿಯಬೇಕು. ಗಂಟೆಯೊಂದರಲ್ಲಿ 3,600 ಸೆಕೆಂಡುಗಳು; ಒಟ್ಟು ಶಕ್ತಿ 18 ಮೆಗಾಜೂಲ್. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಅಡಗಿದೆ. ಭಾಗಿಸಿದರೆ ಗಂಟೆಗೆ ಅರ್ಧ ಲೀಟರಿಗೆ ತುಸು ಮಿಕ್ಕ ಪೆಟ್ರೋಲು, ಅಂದರೆ 0.56 ಲೀಟರು. ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ಗಂಟೆಗೆ 56 ರೂಪಾಯಿ. ಗಾಡಿಯ ಅಳತೆ, ಬಿಸಿಲು, ಒಳಗಿನ ಜನ, ಇವುಗಳಿಗೆ ತಕ್ಕಂತೆ ಈ ಅಂಕಿ ಏರಿಳಿಯಬಹುದು. ಆದರೆ ಅಂದಾಜಿಗೆ ಇಷ್ಟು ಸಾಕು.

ಇಲ್ಲಿ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಉತ್ತರ ಬಂದುದು 'ಗಂಟೆಗೆ ಇಷ್ಟು' ಎಂದು; 'ಕಿಲೋಮೀಟರಿಗೆ ಇಷ್ಟು' ಎಂದಲ್ಲ. ಬಿಸಿಲು ಗಾಡಿಯ ಮೇಲೆ ಬೀಳುವುದು ಗಡಿಯಾರಕ್ಕೆ ತಕ್ಕಂತೆ. ಗಾಡಿ ಓಡಿತೋ ನಿಂತಿತೋ ಎಂದು ಅದು ಕೇಳುವುದಿಲ್ಲ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋದರೆ ತಂಪಿನ ಖರ್ಚು ಕಿಲೋಮೀಟರಿಗೆ ಒಂದು ರೂಪಾಯಿಯೊಳಗೆ ಮುಗಿಯುತ್ತದೆ. ಅದೇ ಗಾಡಿ ಊರೊಳಗೆ ಗಂಟೆಗೆ 20 ಕಿಲೋಮೀಟರಿನಂತೆ ತೆವಳಿದರೆ ಕಿಲೋಮೀಟರಿಗೆ 2 ರೂಪಾಯಿ 80 ಪೈಸೆಯಾಗುತ್ತದೆ. ಎಂಜಿನ್ನನ್ನು ತಿರುಗಬಿಟ್ಟು ನಿಂತರೆ ದೂರ ಸೊನ್ನೆ, ಖರ್ಚು ಮಾತ್ರ ನಿಲ್ಲದು. ನಮ್ಮ ಚಾಲಕರ ಎರಡು ರೂಪಾಯಿಯ ಕರಾರು ಹೆದ್ದಾರಿಯಲ್ಲಿ ಅವರಿಗೆ ಲಾಭ, ಪೇಟೆಯಲ್ಲಿ ನಷ್ಟ. ತಂದೆಯವರ ಸಂಕಟಕ್ಕೆ ಬದಲಾಗಿ ಶಹಾಪುರದವರೆಗೆ ಉಳಿತಾಯವಾದ ಪೆಟ್ರೋಲು, ಹೆಚ್ಚೆಂದರೆ ಲೀಟರಿನ ಮೂರನೆಯ ಒಂದು ಪಾಲು!

ಅದೂ ಪೂರ್ತಿಯಾಗಿ ಉಳಿದಿರಲಾರದು. ತೆರೆದ ಕಿಟಕಿಗಳು ಗಾಳಿಯ ಪ್ರತಿರೋಧವನ್ನು ಹೆಚ್ಚಿಸುತ್ತವೆ. ಈ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಅದನ್ನು ಮೀರಲು ಬೇಕಾದ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿರುತ್ತದೆ. ವೇಗ 60ರಿಂದ 90ಕ್ಕೆ ಏರಿದರೆ ಆ ಸಾಮರ್ಥ್ಯ ಮೂರು ಮಡಿಗೂ ಮಿಗಿಲಾಗುತ್ತದೆ. ಆದ್ದರಿಂದ ಊರೊಳಗಿನ ನಿಧಾನದ ಓಟದಲ್ಲಿ, ಹೊರಗಾಳಿ ಹಿತವಾಗಿದ್ದಾಗ, ಕಿಟಕಿಯೇ ಮೇಲು; ಹೆದ್ದಾರಿಯ ವೇಗದಲ್ಲಿ ಅದರ ಉಳಿತಾಯ ಕರಗುತ್ತಾ ಹೋಗುತ್ತದೆ. ಇನ್ನೊಂದು ಮಾತು: ಮನುಷ್ಯನ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಸೀಮೆಯ ಗಾಳಿ 40 ಡಿಗ್ರಿಯನ್ನು ಮೀರುವುದು ಸಾಮಾನ್ಯ. ಅಂತಹ ಗಾಳಿ ಮೈಗೆ ತಾಗಿದರೆ ಶಾಖ ಮೈಯಿಂದ ಗಾಳಿಗೆ ಹೋಗುವ ಬದಲು ಗಾಳಿಯಿಂದ ಮೈಗೆ ಬರುತ್ತದೆ. ಆಗ ಬೆವರು ಆರುವುದೊಂದೇ ನಮಗೆ ರಕ್ಷೆ. ಮುದುಕರಲ್ಲಿಯೂ ರೋಗಿಗಳಲ್ಲಿಯೂ ಆ ರಕ್ಷೆ ದುರ್ಬಲವಾಗಿರುವುದುಂಟು.

ಎಂಜಿನ್ನಿನ ಬಲವೂ ಕುಗ್ಗುವುದು ನಿಜ. ಸುರಪುರದ ಗುಡ್ಡಗಳ ನಡುವಣ ಏರಿನಲ್ಲಿ ಚಾಲಕರು ಎ.ಸಿ.ಯನ್ನು ಆರಿಸುವುದು ಅನುಭವದಿಂದ ಬಂದ ಜಾಣತನ. 50 ಕಿಲೋವಾಟಿನ ಎಂಜಿನ್ನಿನಿಂದ ಸಂಪೀಡಕವು ಪೂರ್ಣ ಭಾರದಲ್ಲಿ 3 ಕಿಲೋವಾಟನ್ನು ಕಸಿದುಕೊಂಡರೆ ನೂರಕ್ಕೆ 6 ಪಾಲು ಹೋದಂತಾಯಿತು. ಮೇಲಾಗಿ, 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 43 ಡಿಗ್ರಿಯ ಗಾಳಿಯ ಸಾಂದ್ರತೆ ಸುಮಾರು ನೂರಕ್ಕೆ 6ರಷ್ಟು ಕಡಿಮೆ. ಎಂಜಿನ್ನು ಒಮ್ಮೆಗೆ ಎಳೆದುಕೊಳ್ಳುವ ಆಮ್ಲಜನಕವೂ ಅಷ್ಟೇ ಕಡಿಮೆ. ಹೀಗೆ ಅದೇ ಬಿಸಿಲು ಎಂಜಿನ್ನಿನ ಹೆಗಲ ಮೇಲೆ ಹೊರೆಯನ್ನೂ ಹೊರಿಸುತ್ತದೆ, ಅದರ ಉಸಿರನ್ನೂ ತೆಳುವಾಗಿಸುತ್ತದೆ. ಇತ್ತೀಚಿನ ಅನೇಕ ಗಾಡಿಗಳು ಪೂರ್ಣ ಬಲ ಬೇಕಾದಾಗ ಸಂಪೀಡಕವನ್ನು ತಾವಾಗಿಯೇ ಕ್ಷಣಕಾಲ ಬಿಡಿಸಿಕೊಳ್ಳುತ್ತವೆ. 1939ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ಹವಾನಿಯಂತ್ರಿತ ಕಾರನ್ನು ಮೊದಲು ಹೊರತಂದಾಗ ಈ ಸೌಕರ್ಯವಿರಲಿಲ್ಲ; ತಂಪು ಬೇಡವಾದರೆ ಎಂಜಿನ್ನನ್ನು ನಿಲ್ಲಿಸಿ, ಮುಚ್ಚಳವನ್ನೆತ್ತಿ, ಪಟ್ಟಿಯನ್ನೇ ಕಳಚಬೇಕಾಗಿತ್ತು.

ಹಾಗಾದರೆ ಜಾಣತನವೆಲ್ಲಿದೆ? ತಂಪನ್ನು ತೊರೆಯುವುದರಲ್ಲಿಲ್ಲ, ಸೇದಬೇಕಾದ ಶಾಖವನ್ನು ಕಡಿಮೆ ಮಾಡುವುದರಲ್ಲಿದೆ. ಕಲ್ಲಿನ ದಪ್ಪ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳನ್ನು ಕಟ್ಟಿದ ನಮ್ಮ ಹಿರಿಯರಿಗೆ ಇದು ತಿಳಿದಿತ್ತು: ಶಾಖವನ್ನು ಒಳಗೆ ಬಿಟ್ಟು ಓಡಿಸುವುದಕ್ಕಿಂತ ಬಾಗಿಲಲ್ಲೇ ತಡೆಯುವುದು ಸುಲಭ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿರಿ. ಹತ್ತುವ ಮುನ್ನ ಬಾಗಿಲುಗಳನ್ನು ತೆರೆದು ಕುದಿಗಾಳಿಯನ್ನು ಹೊರಕ್ಕೆ ಬಿಡಿರಿ. ಒಳಗೆ ತಂಪೇರಿದ ಮೇಲೆ ಆ ಗಾಳಿಯನ್ನೇ ಮತ್ತೆ ಸುತ್ತಿಸಿರಿ. ದೂರದ ಪಯಣದಲ್ಲಿ ನಡುನಡುವೆ ಸ್ವಲ್ಪ ಹೊಸಗಾಳಿಯೂ ಬರಲಿ. ಹೊರಗೆ 43 ಡಿಗ್ರಿ ಇದ್ದಾಗ ಒಳಗೆ 20ರ ಬದಲು 26 ಡಿಗ್ರಿ ಇಟ್ಟರೆ ಅಂತರ 23ರಿಂದ 17ಕ್ಕೆ ಇಳಿದು, ಗೋಡೆಗಳ ಮೂಲಕ ಸೋರಿ ಬರುವ ಶಾಖದಲ್ಲಿ ಕಾಲುಭಾಗ ತಗ್ಗುತ್ತದೆ. ಬಹಳ ಹೊತ್ತು ಕಾಯಬೇಕಾದರೆ ಎಂಜಿನ್ನನ್ನು ಆರಿಸಿ, ಕೆಳಗಿಳಿದು ಮರದಡಿಯಲ್ಲಿ ಕುಳಿತುಕೊಳ್ಳಿರಿ. ಮಕ್ಕಳನ್ನಂತೂ ನಿಂತ ಗಾಡಿಯಲ್ಲಿ ಎಂದಿಗೂ ಬಿಟ್ಟುಹೋಗಬೇಡಿರಿ.

ಗ್ರಾಹಕರಾಗಿ ನಾವು ಕೇಳಬೇಕಾದುದೂ ಒಂದಿದೆ. ಲೀಟರಿಗೆ ಇಷ್ಟು ಕಿಲೋಮೀಟರು ಎಂದು ಜಾಹೀರಾತುಗಳಲ್ಲಿ ಮೆರೆದ ಅಂಕಿಗಳನ್ನು ನಮ್ಮ ದೇಶದಲ್ಲಿ ಬಹುಕಾಲ ಪ್ರಯೋಗಶಾಲೆಯಲ್ಲಿ ಎ.ಸಿ.ಯನ್ನು ಆರಿಸಿಯೇ ಪಡೆಯಲಾಗುತ್ತಿತ್ತು. ಅಮೆರಿಕದಲ್ಲಿ 2008ರ ಮಾದರಿಗಳಿಂದ ಮೊದಲುಗೊಂಡು, 35 ಡಿಗ್ರಿ ಸೆಖೆಯಲ್ಲಿ ಎ.ಸಿ.ಯನ್ನು ನಡೆಸಿ ಮಾಡಿದ ಪರೀಕ್ಷೆಯನ್ನೂ ಲೆಕ್ಕಕ್ಕೆ ಸೇರಿಸಿದರು. ಅವರಿಗಿಂತ ಬಿಸಿಯಾದ ಸೀಮೆಯಲ್ಲಿ ಬಾಳುವ ನಮಗೆ ಎರಡು ಅಂಕಿಗಳೂ ಬೇಕು: ತಂಪಿಲ್ಲದೆ ಎಷ್ಟು, ತಂಪಿದ್ದರೆ ಎಷ್ಟು.

ತಂಪು ಭೋಗವೆಂಬ ಭಾವನೆ ಈಗ ಸಡಿಲುತ್ತಿರುವುದು ಸಂತೋಷದ ಸಂಗತಿ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಲ್ಲಿ ಚಾಲಕರ ಕೋಣೆಗೆ ಹವಾನಿಯಂತ್ರಣವಿರಬೇಕೆಂದು ಕೇಂದ್ರ ಸರ್ಕಾರ 2023ರಲ್ಲೇ ವಿಧಿಸಿತು. ಬಿಸಿಲಿನಲ್ಲಿ ಬೆಂದ ಚಾಲಕನ ಮೈಮರೆವಿಗಿಂತ ಗಂಟೆಗೆ ಕೆಲವು ರೂಪಾಯಿಗಳ ಇಂಧನ ಅಗ್ಗವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಹಾಗೆಂದು ಅದು ಪುಕ್ಕಟೆಯೂ ಅಲ್ಲ. ಒಳಗಿನಿಂದ ಸೇದಿದ ಶಾಖವೂ ಎಂಜಿನ್ನಿನ ಹೊಗೆಯೂ ಹೋಗಿ ಸೇರುವುದು ರಸ್ತೆಯಲ್ಲಿ ನಡೆಯುವವರ ಗಾಳಿಯನ್ನೇ.

ಮುಂದಿನ ಬೇಸಗೆಯಲ್ಲಿ ಮತ್ತೆ ಅದೇ ದಾರಿಯಲ್ಲಿ ಹೋಗುವೆವು. ಆ ಹೆಚ್ಚಿನ ಹಣವನ್ನು ಈ ಸಲ ಮೊದಲೇ ಎಣಿಸಿ ಕೊಡುತ್ತೇನೆ. ಶಹಾಪುರದಲ್ಲಿ ಚಹಾಕ್ಕೆ ನಿಂತಾಗ ಎಂಜಿನ್ನನ್ನು ಆರಿಸುವಂತೆಯೂ ಹೇಳುತ್ತೇನೆ. ಇವೆರಡೂ ಒಂದೇ ಲೆಕ್ಕದ ಉತ್ತರಗಳು.