'ಆರಾಮಾಗಿ ಕೂತ್ಕೋ ಅಪ್ಪ' ಅನ್ನುವ ಮುನ್ನ

ಆಂಧ್ರದ ಕಲ್ಯಾಣದುರ್ಗದಿಂದ ಕರ್ನಾಟಕದ ಗಡಿಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಊರು. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಕುರಿ ವ್ಯಾಪಾರದಲ್ಲಿ ಎರಡೂ. ಅಲ್ಲಿನ ಕುರುಬರ ಅಜ್ಜನೊಬ್ಬನಿಗೆ ಎಪ್ಪತ್ತು ದಾಟಿದೆ. ಎಷ್ಟು ದಾಟಿದೆ ಎಂದರೆ ಆಧಾರ್ ಕಾರ್ಡು ಒಂದು ಲೆಕ್ಕ ಹೇಳುತ್ತದೆ, ಅಜ್ಜ ಯಾವುದೋ ಬರಗಾಲದಿಂದ ಎಣಿಸಿ ಇನ್ನೊಂದು ಲೆಕ್ಕ ಹೇಳುತ್ತಾನೆ. ಹುಡುಗನಾಗಿದ್ದಾಗಿನಿಂದ ಕುರಿಯ ಹಿಂದೆ ನಡೆದವನು. ಬೇಸಿಗೆ ಬಂದರೆ ಮೇವು ಹುಡುಕಿಕೊಂಡು ನೀರಾವರಿ ಸೀಮೆಯ ಕಡೆ ತಿಂಗಳುಗಟ್ಟಲೆ ಹೋಗಿಬಿಡುತ್ತಿದ್ದ. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಈಗ ಮೇಸ್ತ್ರಿಯಾಗಿರುವ ಮಗ ಒಂದು ದಿನ ಹಿಂಡನ್ನೇ ಮಾರಿಸಿದ. 'ಸಾಕು, ಇನ್ನು ಆರಾಮಾಗಿ ಕೂತ್ಕೋ ಅಪ್ಪ' ಅಂದ. ಅಪ್ಪ ಕೂತ.

ಕೂತು ಆರು ತಿಂಗಳಾಗುವ ಹೊತ್ತಿಗೆ ತಟ್ಟೆಯ ಮುದ್ದೆ ಅರ್ಧಕ್ಕೆ ನಿಲ್ಲತೊಡಗಿತು. ರಾತ್ರಿ ಎರಡಕ್ಕೇ ಎಚ್ಚರ. ಊರಿನ ಜಗಳಗಳಿಗೆ ನ್ಯಾಯ ಹೇಳುತ್ತಿದ್ದವನು ಯಾರು ಮಾತಾಡಿಸಿದರೂ ಬರೀ 'ಹೂಂ' ಅನ್ನುತ್ತಿದ್ದ. ಆಸ್ಪತ್ರೆಯಲ್ಲಿ ಸಕ್ಕರೆ, ಬಿಪಿ, ರಕ್ತ ಎಲ್ಲ ನೋಡಿ, ಶಕ್ತಿಗೆಂದು ಮಾತ್ರೆ ಮತ್ತು ಟಾನಿಕ್ಕು ಬರೆದುಕೊಟ್ಟರು. ಏನಾಗ್ತಿದೆ ಎಂದು ನಾನು ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: 'ಹೊತ್ತೇ ಹೋಗಲ್ಲ ಕಣಪ್ಪಾ. ಬೆಳಿಗ್ಗೆ ಆಗ್ತದೆ, ಮಧ್ಯಾಹ್ನ ಆಗೋದೇ ಇಲ್ಲ.'

ಆ ಸೀಮೆಯಲ್ಲಿ 'ಖಿನ್ನತೆ' ಎಂಬ ಮಾತನ್ನು ಯಾರೂ ಆಡುವುದಿಲ್ಲ. 'ಬ್ಯಾಸರ' ಅನ್ನುತ್ತಾರೆ, 'ಎದೆ ಭಾರ' ಅನ್ನುತ್ತಾರೆ, 'ಕೈಕಾಲು ಸೆಳೀತವೆ' ಅನ್ನುತ್ತಾರೆ. ವೈದ್ಯರ ಎದುರು ಕೂತಾಗ ಇದೂ ತೆಲುಗಿಗೆ ತಿರುಗಬೇಕು. ತಿರುಗುವಾಗ ಬ್ಯಾಸರ ಉದುರಿಹೋಗಿ ಕೈಕಾಲು ನೋವು ಮಾತ್ರ ಉಳಿಯುತ್ತದೆ. ಹೀಗೆ ಉದುರಿಹೋಗುವುದು ಎಷ್ಟು ಎಂಬುದಕ್ಕೆ ಒಂದು ಅಂದಾಜು ಇದೆ. ವೃದ್ಧಾಪ್ಯವನ್ನು ಕುರಿತ ರಾಷ್ಟ್ರೀಯ ದೀರ್ಘಾವಧಿ ಅಧ್ಯಯನ 'ಲಾಸಿ'ಯ ಮೊದಲ ಸುತ್ತು ನಡೆದದ್ದು 2017–18ರಲ್ಲಿ. ಅದರಲ್ಲಿ 60 ದಾಟಿದವರೇ 31 ಸಾವಿರಕ್ಕೂ ಹೆಚ್ಚು. 'ನನಗೆ ಖಿನ್ನತೆ ಇದೆ ಎಂದು ಡಾಕ್ಟರು ಹೇಳಿದ್ದಾರೆ' ಎಂದವರು ಅವರಲ್ಲಿ ಶೇ 0.8. ಅದೇ ಜನರಿಗೆ ನಿದ್ದೆ, ಹಸಿವು, ಉತ್ಸಾಹದ ಬಗ್ಗೆ ಕ್ರಮವಾಗಿ ಪ್ರಶ್ನೆ ಕೇಳಿ ನೋಡಿದರೆ ತೀವ್ರ ಖಿನ್ನತೆಯ ಲಕ್ಷಣ ಕಂಡದ್ದು ಶೇ 8.3 ಮಂದಿಯಲ್ಲಿ. ಹತ್ತರಲ್ಲಿ ಒಂಬತ್ತು ಪಾಲು ಹೆಸರೇ ಇಲ್ಲದೆ ಜಗಲಿಯ ಮೇಲೆ ಕೂತಿದೆ.

ಇದಕ್ಕೆ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಸಿದ್ಧ ಉತ್ತರವಿದೆ: ಹಿರಿಯರಿಗೆ ವ್ಯಾಯಾಮ ಮಾಡಿಸಿ, ಮನಸ್ಸು ಹಗುರಾಗುತ್ತದೆ. ಉತ್ತರ ತಪ್ಪಲ್ಲ. ಆದರೆ ಅರ್ಧ ಶತಮಾನ ನಡೆದವನಿಗೆ ಹೋಗಿ 'ದಿನಾ ಅರ್ಧ ಗಂಟೆ ನಡೀರಿ' ಎಂದು ಹೇಳುವವರು ಒಮ್ಮೆ ತಮ್ಮ ಮಾತನ್ನು ತಾವೇ ಕೇಳಿಸಿಕೊಳ್ಳಬೇಕು. ಅನಂತಪುರದಂಥ ಒಣ ಸೀಮೆಯಲ್ಲಿ ಶೇಂಗಾ ಬಿತ್ತಿ, ಕಿತ್ತು, ಬಿಡಿಸಿ ಮುದುಕರಾದವರಿಗೆ ಮೈಮುರಿದು ದುಡಿಯುವುದು ಹೊಸದೇನಲ್ಲ. ಬೆವರು ಸುರಿಸಿದಷ್ಟೂ ಮನಸ್ಸು ಅರಳುವುದಾದರೆ ಕೂಲಿಕಾರರಷ್ಟು ಸುಖಿಗಳು ಬೇರೆ ಯಾರೂ ಇರಬಾರದಿತ್ತು.

ಇದೇ ಸೀಮೆಯ ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆ ದೊಡ್ಡದು, ಹೆಸರಾದದ್ದು. ಸುಗ್ಗಿಯಲ್ಲಿ ಸುತ್ತಿನ ಓಣಿಗಳಲ್ಲಿ ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಾರೆ. ಅರವತ್ತು ದಾಟಿದವರೂ ಅವರಲ್ಲಿದ್ದಾರೆ. ಸಂಜೆ ಏಳುವಾಗ ಒಂದು ಕೈ ಗೋಡೆಗೆ, ಇನ್ನೊಂದು ಸೊಂಟಕ್ಕೆ. ತೋಳಿಗೆ ಇದಕ್ಕಿಂತ ಹೆಚ್ಚಿನ ಕೆಲಸ ಬೇಕೆ? ಆದರೆ ಇದರಿಂದ ಮನಸ್ಸು ಹಗುರಾಯಿತು ಎಂದು ಅವರಲ್ಲಿ ಯಾರೂ ಹೇಳಲಾರರು. ಡೆನ್ಮಾರ್ಕಿನ ಸಂಶೋಧಕ ಆಂದ್ರೆಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಇದನ್ನು ದೈಹಿಕ ಚಟುವಟಿಕೆಯ ವಿರೋಧಾಭಾಸ ಎಂದು ಕರೆದರು: ಬಿಡುವಿನಲ್ಲಿ, ತನ್ನಿಚ್ಛೆಯಿಂದ ಮೈ ಆಡಿಸಿದರೆ ಆರೋಗ್ಯಕ್ಕೆ ಲಾಭ, ಹೊಟ್ಟೆಪಾಡಿಗಾಗಿ ಅದೇ ಮೈಯನ್ನು ದಿನವಿಡೀ ದುಡಿಸಿದರೆ ಆ ಲಾಭ ಕಾಣುವುದಿಲ್ಲ. ಮನಸ್ಸಿನ ಮಟ್ಟಿಗೂ ಹಾಗೇ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಬಿಡುವಿನ ವೇಳೆಯ ಚಟುವಟಿಕೆ ಒಳ್ಳೆಯ ಮನಸ್ಥಿತಿಯ ಜೊತೆ ಕಂಡುಬಂದರೆ, ದುಡಿಮೆಯ ಚಟುವಟಿಕೆ ಹದಗೆಟ್ಟ ಮನಸ್ಥಿತಿಯ ಜೊತೆಗೇ ಕಂಡುಬಂತು.

ಹಾಗಾದರೆ ಕುರಿ ಕಾಯುವುದೂ ದುಡಿಮೆಯೇ ಅಲ್ಲವೇ, ಅದು ಹೋದದ್ದಕ್ಕೆ ಅಜ್ಜ ಯಾಕೆ ಮಂಕಾದ? ನನ್ನ ತರ್ಕ ನಿಂತಿರುವುದು ಇಲ್ಲೇ. ಇವತ್ತು ಯಾವ ಗುಡ್ಡದ ಕಡೆ ಹೋಗಬೇಕು, ಯಾವ ಮರದಡಿ ಬುತ್ತಿ ಬಿಚ್ಚಬೇಕು, ಯಾರ ಜೊತೆ ಬೀಡಿ ಹಚ್ಚಬೇಕು ಎಂಬುದು ಅವನ ಕೈಯಲ್ಲಿತ್ತು. ಹುಣಸೆಹಣ್ಣು ಕುಟ್ಟುವವಳ ಕೈಯಲ್ಲಿ ಕೋಲು ಬಿಟ್ಟರೆ ಬೇರೇನೂ ಇಲ್ಲ. ನಡಿಗೆ ಮನಸ್ಸಿಗೆ ಮದ್ದಾಗುವುದು ಹೆಜ್ಜೆಯ ಎಣಿಕೆಯಿಂದಲ್ಲ. ಹೋಗಲೊಂದು ಜಾಗ, ಹೋಗಲೊಂದು ನೆಪ, ಹೋದಲ್ಲಿ ಇಬ್ಬರು ಮೂವರು ಇದ್ದಾಗ. ಮಕ್ಕಳು ಪ್ರೀತಿಯಿಂದಲೇ ಕಿತ್ತುಕೊಳ್ಳುವುದು ಈ ನೆಪವನ್ನು.

ವಿಜ್ಞಾನ ಇದಕ್ಕೆ ಎಷ್ಟು ಸಾಕ್ಷಿ ಹೇಳುತ್ತದೆ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ತಂಡದ 1999ರ ಪ್ರಯೋಗ ಪ್ರಸಿದ್ಧವಾದದ್ದು. ತೀವ್ರ ಖಿನ್ನತೆ ಇದ್ದ, 50 ದಾಟಿದ 156 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಸರ್ಟ್ರಾಲಿನ್ ಮಾತ್ರೆ, ಇನ್ನೊಂದಕ್ಕೆ ವಾರಕ್ಕೆ ಮೂರು ದಿನ ಗುಂಪಿನಲ್ಲಿ ವ್ಯಾಯಾಮ, ಮತ್ತೊಂದಕ್ಕೆ ಎರಡೂ. ಮಾತ್ರೆ ಬೇಗ ಹಿಡಿಯಿತು. ಆದರೆ 16 ವಾರ ಕಳೆಯುವ ಹೊತ್ತಿಗೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದಿದ್ದವು. ಚಿಕಿತ್ಸೆ ಮುಗಿದು ಆರು ತಿಂಗಳ ನಂತರ ನೋಡಿದರೆ, ವ್ಯಾಯಾಮದಿಂದ ಚೇತರಿಸಿಕೊಂಡವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆ. 2011ರಲ್ಲಿ ಕರ್ಕ್ ಎರಿಕ್ಸನ್ ತಂಡ 120 ಹಿರಿಯರ ಮೆದುಳನ್ನು ಸ್ಕ್ಯಾನ್ ಮಾಡಿತು. ವರ್ಷವಿಡೀ ನಡೆದವರಲ್ಲಿ, ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗ ಶೇ 2ರಷ್ಟು ಹಿಗ್ಗಿತ್ತು. ಆ ವಯಸ್ಸಿಗೆ ಅದು ಕುಗ್ಗುತ್ತಾ ಹೋಗುವುದು ರೂಢಿ.

ಇಷ್ಟಕ್ಕೇ ನಿಲ್ಲಿಸಿದರೆ ಲೇಖನ ಚೆನ್ನಾಗಿ ಕಾಣುತ್ತದೆ, ಪ್ರಾಮಾಣಿಕವಾಗಿರುವುದಿಲ್ಲ. 2013ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಬ್ರಿಟನ್ನಿನ ಒಂದು ಅಧ್ಯಯನ ಬೇರೆಯೇ ಹೇಳುತ್ತದೆ. 78 ವೃದ್ಧಾಶ್ರಮಗಳನ್ನು ಆರಿಸಿಕೊಂಡು, ಅವುಗಳಲ್ಲಿ ಕೆಲವಕ್ಕೆ ಫಿಸಿಯೊಥೆರಪಿಸ್ಟ್‌ಗಳನ್ನು ಕಳಿಸಿ ವಾರಕ್ಕೆರಡು ದಿನ ಮುಕ್ಕಾಲು ಗಂಟೆ ಸಾಮೂಹಿಕ ವ್ಯಾಯಾಮ ಮಾಡಿಸಿದರು. ಒಂದು ವರ್ಷದ ಕೊನೆಗೆ ಖಿನ್ನತೆಯ ಲಕ್ಷಣ ಕಿಂಚಿತ್ತೂ ತಗ್ಗಿರಲಿಲ್ಲ. 2024ರಲ್ಲಿ 'ಬಿಎಂಜೆ' ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ 218 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನಡಿಗೆ, ಯೋಗ, ತೂಕ ಎತ್ತುವುದು ಮೂರಕ್ಕೂ ಒಳ್ಳೆಯ ಅಂಕ ಕೊಟ್ಟಿತು. ಜೊತೆಗೆ ಬಹುತೇಕ ಪ್ರಯೋಗಗಳ ಗುಣಮಟ್ಟ ಅಷ್ಟಕ್ಕಷ್ಟೇ ಎಂದೂ ಹೇಳಿತು. ಬ್ರಿಟನ್ನಿನ ಆಶ್ರಮಗಳಲ್ಲಿ ಸೋತದ್ದೇಕೆ? ಅಲ್ಲಿದ್ದವರು ತೀರಾ ನಿತ್ರಾಣರಾಗಿದ್ದರು ಎಂಬುದು ಒಂದು ಕಾರಣವಿರಬಹುದು. ನನಗೆ ಕಾಣುವುದು ಇನ್ನೊಂದು: ಅವರು ಕೂತಲ್ಲಿಂದ ಎಲ್ಲಿಗೂ ಹೋಗಲಿಲ್ಲ. ವ್ಯಾಯಾಮವೇ ಅವರಿದ್ದಲ್ಲಿಗೆ ಬಂದು ಹೋಯಿತು.

ಇದಕ್ಕೆ ಎದುರಾಗಿ ನಮ್ಮ ಬಗಲಿನ ನಿಮ್ಹಾನ್ಸ್ ಸಂಶೋಧಕರ ಪ್ರಯೋಗವನ್ನು ಇಡಬಹುದು. ಒಂಬತ್ತು ವೃದ್ಧಾಶ್ರಮಗಳ 120 ಮಂದಿಯಲ್ಲಿ 62 ಜನರಿಗೆ ಯೋಗ, ಉಳಿದವರು ಸರದಿಯಲ್ಲಿ. ಮೊದಲ ತಿಂಗಳು ದಿನಾ ಹೇಳಿಕೊಟ್ಟರು, ಆಮೇಲೆ ವಾರಕ್ಕೊಮ್ಮೆ, ಕೊನೆಗೆ ನೀವೇ ಮಾಡಿ ಎಂದು ಬಿಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆರು ತಿಂಗಳಿಗೆ ನಿದ್ದೆಯೂ ಬದುಕಿನ ಗುಣಮಟ್ಟವೂ ಸುಧಾರಿಸಿತ್ತು. ಒಬ್ಬರು ಬರುತ್ತಾರೆ, ಕಾಯುತ್ತಾರೆ, ತಪ್ಪಿಸಿದರೆ ಯಾಕೆ ಎಂದು ಕೇಳುತ್ತಾರೆ ಎಂಬುದೂ ಆಸನದಷ್ಟೇ ಕೆಲಸ ಮಾಡಿರಬೇಕು.

ಈ ಸೀಮೆಗೆ ಅದರದ್ದೇ ಆದ ತೊಡಕುಗಳಿವೆ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದ ತಲೆಮಾರು ಇದು. ಬೆನ್ನು, ಮಂಡಿ ಕಟ್ಟಿಗೆಯಾದವರು ಊರೂರಲ್ಲಿ ಸಿಗುತ್ತಾರೆ. ತೊಂಬತ್ತರ ದಶಕದಲ್ಲಿ ಸತ್ಯಸಾಯಿ ಟ್ರಸ್ಟಿನ ಯೋಜನೆ ಅಂದಿನ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗೆ ಕುಡಿಯುವ ನೀರು ತಂದಿತು. ಆದರೆ ಅಷ್ಟರೊಳಗೆ ಮೂಳೆ ಸೇರಿದ್ದು ಹೊರಗೆ ಬರುವುದಿಲ್ಲ. ಇಂಥವರಿಗೆ ನಡಿಗೆಗಿಂತ ಮೊದಲು ತೊಡೆಗೆ ಬಲ ಬೇಕು. ಮಂಚದ ಅಂಚಿನಿಂದ ಕೈ ಊರದೆ ಎದ್ದು, ಮೆಲ್ಲಗೆ ಕೂತು, ಮತ್ತೆ ಎದ್ದರೆ ಅದೇ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದರಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷ ಮೈಯಾಡಿಸಬೇಕು ಎಂಬುದು ಎಲ್ಲರ ಬಾಯಲ್ಲಿದೆ. ವಾರಕ್ಕೆ ಎರಡು ದಿನ ಸ್ನಾಯುಬಲ, ಮೂರು ದಿನ ಸಮತೋಲನ ಎಂಬುದು ಯಾರಿಗೂ ನೆನಪಿಲ್ಲ. ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದವರು ಮುಂದಿನ ಆರು ತಿಂಗಳು ಹೊಸ್ತಿಲು ದಾಟುವುದಿಲ್ಲ. ಮೈಯ ನೋವು ವಾರದಲ್ಲಿ ಇಳಿದರೂ ಬೀಳುವ ಭಯ ಇಳಿಯುವುದಿಲ್ಲ. ಬ್ಯಾಸರ ಒಳಬರುವುದು ಹಾಗೆ.

ಹೆಂಗಸರ ಕತೆ ಬೇರೆ. ಹಿಂದೂಪುರದ ಶಾಲಾ ಮೈದಾನವೊಂದರಲ್ಲಿ ಬೆಳಗಿನ ಜಾವ ಐದೂವರೆಗೆ ನಿಂತು ನೋಡಿ. ಮಫ್ಲರ್ ಸುತ್ತಿದ ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಅಂಗಡಿಯ ಸಾಹುಕಾರರು ಮಾತಾಡುತ್ತಾ ಸುತ್ತು ಹಾಕುತ್ತಿರುತ್ತಾರೆ. ಅಜ್ಜಿಯರು ವಿರಳ. 'ಈ ವಯಸ್ಸಲ್ಲಿ ಷೂ ಹಾಕ್ಕೊಂಡು ಎಲ್ಲಿಗೆ ಹೊರಟ್ಲು' ಅನ್ನುವವರಿಗೆ ಹೆದರಿ ಮನೆಯಲ್ಲಿರುತ್ತಾರೆ. ಅದೇ ಅಜ್ಜಿ ಅರಳಿಮರಕ್ಕೆ ನೂರೆಂಟು ಪ್ರದಕ್ಷಿಣೆ ಹಾಕಿದರೆ ಯಾರೂ ಚಕಾರ ಎತ್ತುವುದಿಲ್ಲ! ಹತ್ತು ಹೆಜ್ಜೆಯ ಕಟ್ಟೆಯಾದರೂ ಸಾವಿರ ಹೆಜ್ಜೆ ದಾಟಿತು, ಜೊತೆಗೆ ನಾಲ್ಕು ಮನೆಯ ಸುದ್ದಿ.

ಅವರಿಗೆ ಇತ್ತೀಚೆಗೆ ಸಿಕ್ಕ ದೊಡ್ಡ ನೆಪ ಬಸ್ಸು. 2025ರ ಆಗಸ್ಟ್ 15ರಿಂದ ಆಂಧ್ರದಲ್ಲಿ 'ಸ್ತ್ರೀ ಶಕ್ತಿ' ಯೋಜನೆಯಡಿ ಹೆಂಗಸರಿಗೆ ಪಲ್ಲೆವೆಲುಗು ಎಂಬ ಹಳ್ಳಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಹಿಂದೂಪುರದಿಂದ ಲೇಪಾಕ್ಷಿಗೆ ಹದಿನೈದು ಕಿಲೋಮೀಟರು. ನಿಲ್ದಾಣದ ತನಕ ನಡಿಗೆ, ಬಸ್ಸಿನ ಮೆಟ್ಟಿಲು, ವೀರಭದ್ರನ ಗುಡಿಯ ಮೆಟ್ಟಿಲು, ಬಸವಣ್ಣನಿಗೊಂದು ಸುತ್ತು, ಮತ್ತೆ ವಾಪಸು. ಇದನ್ನು ವ್ಯಾಯಾಮ ಎಂದು ಯಾವ ಅಜ್ಜಿಯೂ ಕರೆಯುವುದಿಲ್ಲ, ಕರೆಯಬೇಕಾಗಿಯೂ ಇಲ್ಲ. ಇಂಗ್ಲೆಂಡಿನಲ್ಲಿ ಹಿರಿಯರಿಗೆ ಉಚಿತ ಬಸ್ ಪಾಸ್ ಸಿಕ್ಕ ಮೇಲೆ ಖಿನ್ನತೆಯ ಲಕ್ಷಣ ತಗ್ಗಿದ್ದನ್ನು 2018ರಲ್ಲಿ ಸಂಶೋಧಕರು ತೋರಿಸಿದರು. ಉಚಿತ ಬಸ್ಸನ್ನು ಬರೀ ಖಜಾನೆಯ ಲೆಕ್ಕದಲ್ಲಿ ಬೈಯುವವರು ಈ ಕಡೆಯ ಲೆಕ್ಕವನ್ನೂ ಸೇರಿಸಬೇಕು.

ಪಿಂಚಣಿಯ ವಿಷಯದಲ್ಲಿ ನಾನು ಸ್ವಲ್ಪ ಎಚ್ಚರದಿಂದ ಮಾತಾಡಬೇಕು. ಆಂಧ್ರದಲ್ಲಿ 2024ರ ಜುಲೈನಿಂದ ವೃದ್ಧಾಪ್ಯ ಪಿಂಚಣಿ ತಿಂಗಳಿಗೆ 4,000 ರೂಪಾಯಿ. ಅದು ಒಂದನೇ ತಾರೀಕು ಮನೆ ಬಾಗಿಲಿಗೇ ಬರುತ್ತದೆ. ಹಾಸಿಗೆ ಹಿಡಿದವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ, ಅದು ಹಾಗೇ ಇರಲಿ. ಆದರೆ ಪಿಂಚಣಿಯ ದಿನ ಎಲ್ಲರೂ ಒಂದೆಡೆ ಸೇರಿ, ಸೊಸೆಯರನ್ನು ಬೈದು, ಹೋಟೆಲಿನಲ್ಲಿ ವಡೆ ತಿಂದು ಬರುತ್ತಿದ್ದ ನೆಪವೂ ಅದರ ಜೊತೆಗೆ ಹೋಯಿತು. ಅದಕ್ಕೆ ಬದಲು ಏನನ್ನಾದರೂ ಕೊಡುವುದು ಕಷ್ಟವಲ್ಲ.

2025ರ ಜೂನ್ 21ರಂದು ವಿಶಾಖಪಟ್ಟಣದ ಕಡಲತೀರದಲ್ಲಿ ಮೂರು ಲಕ್ಷ ಜನರನ್ನು ಒಟ್ಟಿಗೆ ಯೋಗಕ್ಕೆ ಕೂರಿಸಿದ ಸರ್ಕಾರ ಇದು. ಸಂಘಟನೆ ಬಾರದು ಎನ್ನುವಂತಿಲ್ಲ. ಅದರ ನೂರನೇ ಒಂದು ಪಾಲು ಶ್ರಮ ಸಾಕು: ಶಾಲಾ ಮೈದಾನದ ಗೇಟು ಬೆಳಿಗ್ಗೆ ಐದಕ್ಕೆ ತೆರೆಯಲಿ, ಏಕೆಂದರೆ ಏಪ್ರಿಲ್‌ನಲ್ಲಿ ಎಂಟರ ನಂತರ ಇಲ್ಲಿ ನಡೆಯುವುದು ಕಾಯಿಲೆಗೆ ದಾರಿ. ಬೀದಿದೀಪ ಉರಿಯಲಿ, ಕೂರಲು ಕಟ್ಟೆ ಇರಲಿ. ಹಣಕ್ಕಾಗಿ ಸೇರುವ ಹೆಂಗಸರ ಡ್ವಾಕ್ರಾ ಸಂಘಗಳು ತಮ್ಮ ಅತ್ತೆಯರನ್ನೂ ಕರೆದುಕೊಂಡು ಸಂಜೆ ಒಂದು ಸುತ್ತು ಹೋಗಲಿ. ಇನ್ನು ಊರುಗಳಲ್ಲಿ ಉಳಿದಿರುವ ಚೆಕ್ಕಭಜನೆಯ ತಂಡಗಳು. ಕೈಯಲ್ಲಿ ಚೆಕ್ಕೆ ಹಿಡಿದು, ನಡುವಿನ ಗುರು ಹಾಡಿದಂತೆ ಸುತ್ತುಗಟ್ಟಿ ಹೆಜ್ಜೆ ಹಾಕುವುದು. ಮುಂದೊಂದು, ಹಿಂದೊಂದು, ಪಕ್ಕಕ್ಕೊಂದು, ಗಕ್ಕನೆ ತಿರುಗು. ಸಮತೋಲನದ ಪಾಠ ಬೇರೆ ಬೇಕಿಲ್ಲ. ಫಿಸಿಯೊಥೆರಪಿಸ್ಟ್ ಹುಡುಕುವ ಮೊದಲು ಈ ಗುರುಗಳಿಗೆ ಗೌರವಧನ ಕೊಟ್ಟು ನೋಡಬಹುದು.

ಒಂದು ಮಾತು ಬಿಟ್ಟರೆ ತಪ್ಪಾಗುತ್ತದೆ. ಊಟ, ನಿದ್ದೆ ಬಿಟ್ಟು ವಾರಗಟ್ಟಲೆ ಕಳೆದವರನ್ನು, 'ಹೋದರೆ ಸಾಕು' ಎನ್ನುವವರನ್ನು ನಡಿಗೆಗೆ ಕಳಿಸಿ ಕೈತೊಳೆದುಕೊಳ್ಳಬಾರದು. ಅವರಿಗೆ ಮನೋವೈದ್ಯರೇ ಬೇಕು. ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿದರೆ ಹಣ ಖರ್ಚಾಗುವುದಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಅಜ್ಜನನ್ನೂ ಕೊನೆಗೆ ಅನಂತಪುರದ ಮನೋವೈದ್ಯರ ಹತ್ತಿರ ಕರೆದೊಯ್ದರು. ಮಾತ್ರೆ ನಡೆದಿದೆ. ಅದೇ ಹೊತ್ತಿಗೆ ಸೊಸೆ ಸಂಘದ ಸಾಲದಲ್ಲಿ ನಾಲ್ಕು ಕುರಿ ತಂದು ಕಟ್ಟಿದ್ದಾಳೆ. ಗಂಡನಿಗೆ ಫೋನಿನಲ್ಲಿ 'ಜಾತ್ರೆಗೆ ಬೇಕಾಗ್ತವೆ' ಎಂದಷ್ಟೇ ಹೇಳಿದ್ದಾಳಂತೆ. ಜಾತ್ರೆ ಆಗಿ ಎಷ್ಟೋ ದಿನವಾಯಿತು. ಅಜ್ಜ ಸುಧಾರಿಸಿದ್ದು ಮಾತ್ರೆಯಿಂದಲೋ ಕುರಿಯಿಂದಲೋ ಎಂದು ಪಾಲು ಮಾಡಿ ಹೇಳಲು ನನಗಾಗದು. ಕಳೆದ ಸಲ ಹೋದಾಗ ಜಗಲಿ ಖಾಲಿಯಿತ್ತು. 'ಬರೋ ಹೊತ್ತಾಯ್ತಣ್ಣ, ಕೂತ್ಕೊಳ್ಳಿ' ಅಂದಳು ಸೊಸೆ. ಒಂದು ಗಂಟೆ ಕೂತೆ. ಅಜ್ಜ ಬರಲಿಲ್ಲ. ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.