ಗಾಳಿ ತುಂಬಿದ ದೋಣಿ, ಊರಿನ ಅನ್ನ

ಮಳೆ ಹಿಂದೆ ಸರಿದು ಕಡಲು ತಣ್ಣಗಾಗುವುದೇ ತಡ, ನಮ್ಮ ಜಿಲ್ಲೆಯ ರಿಸಾರ್ಟಿನವರಿಗೆ ಮದುವೆ ಮನೆಯ ಗಡಿಬಿಡಿ. ದಾಂಡೇಲಿ, ಗಣೇಶಗುಡಿ, ಗೋಕರ್ಣ, ಮುರ್ಡೇಶ್ವರ, ಎಲ್ಲಿ ನೋಡಿದರೂ ಸೀಸನ್ನಿಗೆ ಸಾಮಾನು ತರಿಸುವ ಮಾತು. ಬಾಳೆಹಣ್ಣಿನ ಆಕಾರದ ಬನಾನಾ ಬೋಟ್ ಬೇಕು, ಸ್ಪೀಡ್ ಬೋಟಿನ ಹಿಂದೆ ಎಳೆಯುವ ಸೋಫಾ ಬೇಕು, ಹುಟ್ಟು ಹಾಕುವ ಕಯಾಕ್ ಬೇಕು, ರ‍್ಯಾಫ್ಟ್ ಬೇಕು. ಎಲ್ಲವೂ ಗಾಳಿ ತುಂಬುವ ಮಾಲು. ಮಡಚಿದರೆ ಒಂದು ಮೂಟೆ, ಊದಿದರೆ ಒಂದು ಸಂಸಾರದ ಸವಾರಿ.

"ಅದಕ್ಕೂ ನಮಗೂ ಎಂತ ಸಂಬಂಧ ಮಾರಾಯ್ರೆ? ದೋಣಿ ಅವರದ್ದು, ದುಡ್ಡು ಅವರದ್ದು, ನೀರಿಗೆ ಬೀಳುವವ ಬೆಂಗಳೂರಿನವ" ಎಂದು ಅಂಗಡಿಕಟ್ಟೆಯಲ್ಲಿ ಕೂತವರು ಕೇಳಬಹುದು.

ಸಂಬಂಧ ಇದೆ ಸ್ವಾಮಿ. ಸ್ವಲ್ಪ ಹಿಂದಕ್ಕೆ ನೋಡಿ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. ದೋಣಿಯಲ್ಲಿ ಮಿತಿ ಮೀರಿ ಜನ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯ ಬಳಿ ಕಾಳಿ ನದಿಯ ಸೆಳವಿನಲ್ಲಿ ರ‍್ಯಾಫ್ಟ್ ಒಂದು ಸಿಕ್ಕಿಕೊಂಡಿತು. ಅದರಲ್ಲೂ ಜನ ಹೆಚ್ಚು. ಪುಣ್ಯಕ್ಕೆ ಎಲ್ಲರೂ ಬದುಕಿ ಬಂದರು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ಅಲೆಯ ಪಾಲಾದರು.

ಮೂರೂ ಒಂದೇ ಬಗೆಯ ಅಪಘಾತವಲ್ಲ. ಕಾರವಾರದ್ದು ಗಾಳಿ ತುಂಬಿದ ದೋಣಿಯಲ್ಲ, ಮುರ್ಡೇಶ್ವರದ ಮಕ್ಕಳು ಯಾವ ದೋಣಿಯನ್ನೂ ಹತ್ತಿರಲಿಲ್ಲ. ಆದರೆ ನೀರಿನಲ್ಲಿ ಜೀವ ಹೋದರೆ, ಇಲ್ಲವೇ ಹೋಗುವ ಹಾಗಾದರೆ, ಮರುದಿನ ಬರುವ ಆದೇಶ ಒಂದೇ: ಬಂದ್. 2022ರಲ್ಲಿ ಕಾಳಿಯ ರ‍್ಯಾಫ್ಟಿಂಗ್ ನಿಂತಿತು. 2024ರಲ್ಲಿ ಮುರ್ಡೇಶ್ವರದ ಕಡಲತೀರಕ್ಕೆ ಪ್ರವಾಸಿಗರು ಇಳಿಯದಂತೆ ತಡೆ ಬಿತ್ತು, ಅದೂ ವರ್ಷಾಂತ್ಯದ ವ್ಯಾಪಾರದ ಹೊತ್ತಿನಲ್ಲಿ. ಬಂದ್ ಆದಾಗ ರಿಸಾರ್ಟಿನ ಧಣಿ ಒಬ್ಬನೇ ಕೈಕಟ್ಟಿ ಕೂರುವುದಿಲ್ಲ. ಎಳನೀರಿನವ, ಚಾದಂಗಡಿಯವ, ರಿಕ್ಷಾದವ, ಖಾನಾವಳಿಯವ, ಎಲ್ಲರೂ ಕೂರುತ್ತಾರೆ. ಹೀಗಾಗಿ ಅವನು ಯಾವ ದೋಣಿ ಕೊಂಡ ಎನ್ನುವುದು ಅವನೊಬ್ಬನ ಮನೆವಾರ್ತೆಯಲ್ಲ. ಅದು ಪೇಟೆಯ ವಿಚಾರ.

ಆಟಿಕೆ ಬೇರೆ, ಸಾಮಾನು ಬೇರೆ

ಮೊದಲ ತಪ್ಪು ನಡೆಯುವುದೇ ಖರೀದಿಯಲ್ಲಿ. ಮನೆಯ ಮಕ್ಕಳು ಬೇಸಿಗೆ ರಜೆಯಲ್ಲಿ ನಾಲ್ಕು ದಿನ ಆಡಲು ಮಾಡಿದ ಮಾಲಿಗೂ, ದಿನಕ್ಕೆ ಐವತ್ತು ಸಲ ಜನ ಹತ್ತಿ ಇಳಿಯುವ ಬಾಡಿಗೆ ಮಾಲಿಗೂ ಫೋಟೋದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಬಣ್ಣ ಅದೇ, ಆಕಾರ ಅದೇ. ದರ ಮಾತ್ರ ಅರ್ಧ. ಅಲ್ಲೇ ಬೀಳುವುದು ಮನುಷ್ಯ.

ವ್ಯತ್ಯಾಸ ಇರುವುದು ಬಟ್ಟೆಯಲ್ಲಿ. ಆಟಿಕೆಯದು ಬರೀ ಪ್ಲಾಸ್ಟಿಕ್ ಹಾಳೆ. ಬಾಡಿಗೆಗೆ ತಕ್ಕ ಮಾಲಿನಲ್ಲಿ ಪಾಲಿಯೆಸ್ಟರ್ ನೇಯ್ಗೆಯ ಎರಡೂ ಬದಿಗೆ ಪಿವಿಸಿ ಹಚ್ಚಿರುತ್ತಾರೆ, ದಪ್ಪ ಸುಮಾರು 0.9 ಮಿಲಿಮೀಟರ್. ಮಾರುವವನ ಹತ್ತಿರ ಒಂದು ತುಂಡು ಕೇಳಿ, ಅಂಚನ್ನು ನೋಡಿ. ಒಳಗೆ ದಾರದ ಬಲೆ ಕಂಡರೆ ಸರಿ. ಬಲೆ ಇಲ್ಲದ ಹಾಳೆಗೆ ಕಪ್ಪೆಚಿಪ್ಪು ತಾಗಿದರೆ ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ.

ಎರಡನೆಯದು ಜೋಡಣೆ. ಅಂಟು ಹಾಕಿ ಕೂಡಿಸಿದ್ದೋ, ಕಾಯಿಸಿ ಬೆಸೆದಿದ್ದೋ ಎಂದು ಕೇಳಲೇಬೇಕು. ನಮ್ಮ ಕರಾವಳಿಯ ಸೆಕೆ, ತೇವ, ಬಿಸಿಲಿಗೆ ಪಿವಿಸಿಯ ಮೇಲಿನ ಅಂಟು ಬೇಗ ಬಿಡುತ್ತದೆ. ಬೆಸೆದ ಜೋಡಣೆ ತಾಳುತ್ತದೆ.

ಮೂರನೆಯದು ಕೋಣೆಗಳು. ದೊಡ್ಡ ದೋಣಿಯೊಳಗೆ ಗಾಳಿ ಒಂದೇ ಕೋಣೆಯಲ್ಲಿದ್ದರೆ ಒಂದು ತೂತಿಗೆ ಇಡೀ ದೋಣಿ ಕುಗ್ಗಿತು. ಬೇರೆ ಬೇರೆ ಕೋಣೆ, ಬೇರೆ ಬೇರೆ ವಾಲ್ವ್ ಇದ್ದರೆ ಒಂದು ಹೋದರೂ ಉಳಿದದ್ದು ದಡ ಮುಟ್ಟಿಸುತ್ತದೆ. ಜೊತೆಗೆ ಹಿಡಿಕೆ, ಹಗ್ಗ ಕಟ್ಟುವ ಜಾಗ. ಸ್ಪೀಡ್ ಬೋಟ್ ಎಳೆದಾಗ ಎಲ್ಲ ಭಾರವೂ ಆ ಒಂದು ಜಾಗಕ್ಕೆ ಬೀಳುತ್ತದೆ. ಅಲ್ಲಿ ಇಮ್ಮಡಿ ಮುಮ್ಮಡಿ ಪಟ್ಟಿ ಇಲ್ಲದ ಮಾಲನ್ನು ವಾಪಸು ಕಳಿಸಿ.

ಗಾಳಿಯ ಲೆಕ್ಕ ಟಯರ್ ಅಂಗಡಿಯಲ್ಲಿ ಕೇಳಿ

ಇದು ದೊಡ್ಡ ವಿಜ್ಞಾನವೇನಲ್ಲ. ಲಾರಿ ಟ್ಯೂಬ್ ಕಟ್ಟಿಕೊಂಡು, ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಊರು ನಮ್ಮದು. ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುವ ಸೈಕಲ್ ಶಾಪಿನ ಹುಡುಗನಿಗೆ ಗೊತ್ತಿರುವಷ್ಟು ವಿದ್ಯೆ ಇಲ್ಲಿ ಸಾಕು. ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರಿಕೆ. ವಾರಕ್ಕೊಮ್ಮೆ ಹೀಗೆ ನೋಡುವವನ ದೋಣಿ ನಡುನೀರಿನಲ್ಲಿ ಕೈಕೊಡುವುದು ಅಪರೂಪ.

ಆದರೆ ಬಿಸಿಲಿನ ಒಂದು ಸಂಗತಿ ಅನೇಕರಿಗೆ ತಿಳಿದಿಲ್ಲ. ಬನಾನಾ ಬೋಟಿಗೆ, ರ‍್ಯಾಫ್ಟಿಗೆ ಹಾಕುವ ಗಾಳಿ ಬಹಳ ಕಡಿಮೆ, ಸುಮಾರು ಎರಡು ಮೂರು ಪೌಂಡ್. ಬೆಳಿಗ್ಗೆ 25 ಡಿಗ್ರಿ ತಂಪಿನಲ್ಲಿ 3 ಪೌಂಡ್ ತುಂಬಿ ಮರಳಿನ ಮೇಲೆ ಬಿಟ್ಟಿರಿ ಎನ್ನಿ. ಮಧ್ಯಾಹ್ನ ಒಳಗಿನ ಗಾಳಿ 50 ಡಿಗ್ರಿಗೆ ಕಾದರೆ ಅದೇ 3 ಪೌಂಡ್ ನಾಲ್ಕೂವರೆಯ ಹತ್ತಿರ ಹೋಗುತ್ತದೆ. ಅಂದರೆ ಒಂದಕ್ಕೆ ಒಂದೂವರೆ! ಜೋಡಣೆ ಬಿರಿಯುವುದು ಆಗ. ಅದೇ ದೋಣಿಯನ್ನು ತಣ್ಣೀರಿಗೆ ಇಳಿಸಿದೊಡನೆ ಒತ್ತಡ ಇಳಿದು ಮೆತ್ತಗಾಗುತ್ತದೆ. ಮೆತ್ತಗಾದ ದೋಣಿ ನಡುವೆ ಮಡಚಿಕೊಂಡು ಜನರನ್ನು ಚೆಲ್ಲುತ್ತದೆ. ಆದ್ದರಿಂದ ಖಾಲಿ ಇದ್ದಾಗ ನೆರಳು, ಕೈಯಲ್ಲೊಂದು ಗಾಳಿ ಮಾಪಕ, ನೀರಿಗಿಳಿಸಿದ ಮೇಲೆ ಇನ್ನೊಮ್ಮೆ ತಪಾಸಣೆ. ಗಾಳಿ ಎಷ್ಟಿರಬೇಕೆಂದು ತಯಾರಕರು ಬರೆದಿರುತ್ತಾರೆ. ಬರೆಯದ ಮಾಲನ್ನು ಕೊಳ್ಳಲೇಬೇಡಿ.

ಯಾವ ನೀರಿಗೆ ಯಾವ ದೋಣಿ

ಹಿನ್ನೀರಿಗೆ ತಂದದ್ದನ್ನು ಕಡಲಿಗೆ, ಕೊಳಕ್ಕೆ ತಂದದ್ದನ್ನು ಹೊಳೆಗೆ ಇಳಿಸುವುದು ಇನ್ನೊಂದು ಚಾಳಿ. ಗಣೇಶಗುಡಿಯಲ್ಲಿ ಕಾಳಿಯ ಸೆಳವು ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಿಂದ ಬಿಡುವ ನೀರನ್ನು ಅವಲಂಬಿಸಿದೆ. ನೀರು ಬಿಟ್ಟಾಗ ರಭಸ, ನಿಲ್ಲಿಸಿದಾಗ ಬಂಡೆ. ಅಲ್ಲಿಗೆ ಬೇಕಾದದ್ದು ಬಂಡೆಯ ಉಜ್ಜಾಟ ತಾಳುವ ದಪ್ಪ ತಳದ, ಒಳಬಂದ ನೀರು ತಾನಾಗಿ ಹೊರಹೋಗುವ, ಸುತ್ತಲೂ ಹಿಡಿಹಗ್ಗ ಇರುವ ರ‍್ಯಾಫ್ಟ್. ತಲೆಗೆ ಹೆಲ್ಮೆಟ್ ಕಡ್ಡಾಯ.

ಕಡಲಿನ ಗೊಡವೆ ಬೇರೆ. ಗಾಳಿ ತುಂಬಿದ ದೋಣಿ ನೀರೊಳಗೆ ಕೂರುವುದಿಲ್ಲ, ಮೇಲೆ ತೇಲುತ್ತದೆ. ಹೀಗಾಗಿ ಗಾಳಿಗೆ ಅದು ಹಾಯಿಯ ಹಾಗೆ ಸಿಗುತ್ತದೆ. ಬೇಸಿಗೆಯ ಬೆಳಗಿನ ಹೊತ್ತು ನಮ್ಮ ತೀರದಲ್ಲಿ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಮೀನುಗಾರರನ್ನು ಕೇಳಿ ನೋಡಿ. ಕಡಲು ಶಾಂತವಾಗಿದೆ ಎಂದು ಕಟ್ಟದೆ ಬಿಟ್ಟ ತೇಲುಹಾಸಿಗೆ ಮಗುವನ್ನೂ ಹೊತ್ತುಕೊಂಡು ಹೊರಟೇ ಬಿಡುತ್ತದೆ. ಹಗ್ಗ, ಲಂಗರು, ಬೆನ್ನಟ್ಟಲು ಒಂದು ಯಂತ್ರದ ದೋಣಿ, ಈ ಮೂರು ಇಲ್ಲದವನು ಕಡಲಲ್ಲಿ ಬಾಡಿಗೆ ವ್ಯವಹಾರ ಮಾಡಬಾರದು.

ಇನ್ನು ಕೊಳದಲ್ಲಿ ಉರುಳುವ ಆ ದೊಡ್ಡ ಪಾರದರ್ಶಕ ಚೆಂಡು. ಮನುಷ್ಯನನ್ನು ಒಳಗೆ ಹಾಕಿ ಜಿಪ್ ಎಳೆಯುತ್ತಾರೆ. ಒಳಗಿದ್ದವನು ತಾನೇ ತೆರೆದುಕೊಂಡು ಹೊರಬರಲಾರ, ಉಸಿರಾಡುವ ಗಾಳಿಯೂ ಅಷ್ಟೇ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2011ರಲ್ಲೇ ಇದರ ಬಗ್ಗೆ ಉಸಿರುಕಟ್ಟುವ, ಮುಳುಗುವ ಅಪಾಯವಿದೆ ಎಂದು ಎಚ್ಚರಿಸಿತ್ತು. ಕೊಳ್ಳುವ ಪಟ್ಟಿಯಿಂದ ಇದನ್ನು ಹೊಡೆದು ಹಾಕುವುದೇ ಮೇಲು.

ಜಾಕೆಟ್ಟಿನಲ್ಲಿ ಜಿಪುಣತನ ಬೇಡ

ಆನೆ ಕೊಂಡವನು ಅಂಕುಶಕ್ಕೆ ಚೌಕಾಶಿ ಮಾಡಿದ ಹಾಗೆ, ದೋಣಿಗೆ ಲಕ್ಷ ಸುರಿದವನು ಲೈಫ್ ಜಾಕೆಟ್ಟಿಗೆ ನೂರು ಇನ್ನೂರು ಉಳಿಸಲು ನೋಡುತ್ತಾನೆ. ಜಾಕೆಟ್ಟಿನ ಶಕ್ತಿಯನ್ನು ನ್ಯೂಟನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 12402ರ ಪ್ರಕಾರ 50 ನ್ಯೂಟನ್ನಿನದು ಈಜು ಬಲ್ಲವನಿಗೆ, ನೆರವು ಹತ್ತಿರದಲ್ಲೇ ಇರುವಾಗ ಮಾತ್ರ. ಅದು ಎತ್ತಿ ಹಿಡಿಯುವುದು ಸುಮಾರು 5 ಕಿಲೋ ಭಾರವನ್ನು. ಪ್ರಜ್ಞೆ ತಪ್ಪಿದವನ ಮುಖವನ್ನು ಮೇಲಕ್ಕೆ ತಿರುಗಿಸುವ ಭರವಸೆ ಅದರಲ್ಲಿಲ್ಲ. ಆ ಕೆಲಸಕ್ಕೆ 100 ನ್ಯೂಟನ್ ಇಲ್ಲವೇ ಮೇಲಿನದು ಬೇಕು.

ನಮ್ಮಲ್ಲಿಗೆ ಬರುವವರಲ್ಲಿ ಎಷ್ಟು ಜನರಿಗೆ ಈಜು ಬರುತ್ತದೆ? ಬಯಲುಸೀಮೆಯಿಂದ ಬಂದು ಮೊದಲ ಸಲ ಕಡಲು ನೋಡುವವರೇ ಹೆಚ್ಚು. ಅವರಿಗೆ 50ರದ್ದು ತೊಡಿಸಿ "ಏನಾಗುದಿಲ್ಲ ಸರ್, ಹತ್ತಿ" ಎನ್ನುವುದು ಯಾವ ನ್ಯಾಯ? ಮಕ್ಕಳದ್ದು ಬೇರೆ ಅಳತೆಯದೇ ಇರಬೇಕು, ಕಾಲ ಸಂದಿಯಿಂದ ಕಟ್ಟುವ ಪಟ್ಟಿ ಇರಬೇಕು. ಇಲ್ಲದಿದ್ದರೆ ಮಗು ಕೆಳಗೆ, ಜಾಕೆಟ್ ಮೇಲೆ.

ಅಗ್ಗದ ಲೆಕ್ಕ

ಮಾಲೀಕರ ಕಷ್ಟವೂ ಕಷ್ಟವೇ. ಸೀಸನ್ ಕೆಲವೇ ತಿಂಗಳು, ಮಳೆಗಾಲ ಪೂರ್ತಿ ಕಡಲು ಬಂದ್, ಗುತ್ತಿಗೆ ಹಣ ಮೊದಲೇ ಕಟ್ಟಿರುತ್ತಾರೆ. ಆದರೆ ಲೆಕ್ಕವನ್ನು ಅವರು ಹಾಕುವುದೇ ತಪ್ಪು ಕಡೆಯಿಂದ. ಮಾತಿಗೆ, ಇಪ್ಪತ್ತು ಸಾವಿರದ ದೋಣಿ ಒಂದೇ ಸೀಸನ್ನಿಗೆ ಹೋಯಿತು, ಐವತ್ತು ಸಾವಿರದ್ದು ನಾಲ್ಕು ಸೀಸನ್ ಬಂತು ಎನ್ನಿ. ಅಗ್ಗ ಯಾವುದು? ಕಿರಾಣಿ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೂ ಒಂದು ಗುಟ್ಟು. ಇರುವುದು ಒಂದೇ ದೋಣಿಯಾದರೆ ಭಾನುವಾರದ ರಶ್ಶಿನಲ್ಲಿ ಸೋರುತ್ತಿದ್ದರೂ ಅದೇ ನೀರಿಗೆ ಇಳಿಯುತ್ತದೆ. ಕೆಟ್ಟದ್ದನ್ನು ಪಕ್ಕಕ್ಕಿಡಲು ಧೈರ್ಯ ಬರುವುದು ಬದಲಿ ಇದ್ದಾಗ. ಆದ್ದರಿಂದ ಒಂದು ಹೆಚ್ಚಿಗೆ ಬೇಕು, ಸೀಟಿಗಿಂತ ನಾಲ್ಕು ಜಾಕೆಟ್ ಹೆಚ್ಚಿಗೆ ಬೇಕು.

ಇಷ್ಟೆಲ್ಲ ಮಾಡಿಯೂ ಆರು ಜನರದ್ದಕ್ಕೆ ಹತ್ತು ಜನರನ್ನು ಹತ್ತಿಸಿದರೆ ಎಲ್ಲವೂ ನೀರಿನಲ್ಲಿ ಮಾಡಿದ ಹೋಮ. 2019ರ ಕಾರವಾರ, 2022ರ ಗಣೇಶಗುಡಿ ಕಲಿಸಿದ ಪಾಠ ಇದೊಂದೇ. "ನಮ್ಮ ಸ್ವಂತ ಜವಾಬ್ದಾರಿ" ಎಂದು ಗಿರಾಕಿಯಿಂದ ಸಹಿ ಹಾಕಿಸಿಕೊಂಡರೆ ನಿರ್ಲಕ್ಷ್ಯದ ಹೊಣೆ ತೊಳೆದು ಹೋಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದ ಸಾವಾದರೆ ಐದು ವರ್ಷದವರೆಗೆ ಜೈಲು ಎನ್ನುತ್ತದೆ. ಹಳೆಯ ಕಾನೂನಿನಲ್ಲಿ ಎರಡು ವರ್ಷವಿತ್ತು.

ಯಾರು ಏನು ಮಾಡಬೇಕು

ಅಧಿಕಾರಿಗಳಿಗೆ ಒಂದು ಮಾತು. ಗುತ್ತಿಗೆ ಕೊಡುವಾಗ ಯಾರು ಎಷ್ಟು ಹಣ ಕೊಡುತ್ತಾರೆ ಎಂದು ನೋಡಿದರಷ್ಟೇ ಸಾಲದು. ಯಾವ ದೋಣಿ, ಯಾವ ಜಾಕೆಟ್, ಯಾವ ವರ್ಷ ಕೊಂಡದ್ದು ಎಂಬ ಪಟ್ಟಿ ಕೇಳಿ, ಸೀಸನ್ನಿನ ನಡುವೆ ಬಂದು ನೋಡಿ. ಜಲಕ್ರೀಡೆಯ ತರಬೇತಿ ಕೊಡುವ ರಾಷ್ಟ್ರೀಯ ಸಂಸ್ಥೆ ಪಕ್ಕದ ಗೋವಾದಲ್ಲೇ ಇದೆ. ಅಲ್ಲಿ ಕಲಿತ ಹುಡುಗರು ದೋಣಿಗೊಬ್ಬರಂತೆ ಇರಲಿ. ಅಪಘಾತದ ಮರುದಿನ ಎಲ್ಲವನ್ನೂ ಬಂದ್ ಮಾಡುವುದು ಸುಲಭ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ?

ಪೇಟೆಯ ವರ್ತಕರಿಗೆ ಇನ್ನೊಂದು ಮಾತು. ಸೀಸನ್ ಶುರುವಾಗುವ ಮೊದಲು ದೋಣಿಯವರನ್ನು ಕರೆದು ಕೂರಿಸಿ ಕೇಳಿ. ನಿಮ್ಮ ಗಲ್ಲಾಪೆಟ್ಟಿಗೆಯೂ ಅವರ ಹಗ್ಗಕ್ಕೇ ಕಟ್ಟಿದೆ, ಕೇಳುವ ಹಕ್ಕು ನಿಮಗುಂಟು.

ಬಸ್ಸಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಕೊನೆಯ ಮಾತು. ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದಾಗ ಹತ್ತುವ ಮೊದಲು ಒಂದು ನಿಮಿಷ ನಿಲ್ಲಿ. ದೋಣಿಯ ಮೇಲೆ ಎಷ್ಟು ಜನ ಎಂದು ಬರೆದಿದೆಯೇ? ಜಾಕೆಟ್ಟಿನ ಒಳಗೆ ನ್ಯೂಟನ್ ಎಷ್ಟೆಂದು ಇದೆಯೇ? ಕೊಂಡಿ ಸರಿಯಾಗಿ ಕೂರುತ್ತದೆಯೇ? ದೋಣಿ ಬೆರಳಿಗೆ ಮೆತ್ತಗೆ ಸಿಗುತ್ತದೆಯೇ? ಒಂದಕ್ಕೆ ತೃಪ್ತಿಯಾಗದಿದ್ದರೂ ಹತ್ತಬೇಡಿ, ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ. ನಾಲ್ಕು ಜನ ಹಾಗೆ ಹಿಂದೆ ಸರಿದರೆ ಐದನೆಯ ದಿನ ಆ ಮಾಲೀಕ ಹೊಸ ದೋಣಿ ತರುತ್ತಾನೆ.